ರ‍್ಯಾಕ್‌ಗೆ ಸರ್ವರ್‌ಗಳನ್ನು ಏರಿಸುವಾಗ ಮತ್ತು ರಿಪೇರಿಗೆ ಹೊರಗೆಳೆಯುವಾಗ ಪಾಲಿಸಬೇಕಾದ ಕ್ರಮ ಯಾವುದು?

ಜಾಲನಿರ್ವಾಹಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಸರ್ವರ್ ಕೋಣೆಗೆ 42 ಯು (ಯು ಎಂದರೆ ಉಪಕರಣಗಳ ಎತ್ತರ ಅಳೆಯುವ ಏಕಮಾನ) ಎತ್ತರದ, ಉಪಕರಣಗಳನ್ನು ಒಂದರ ಮೇಲೊಂದು ಜೋಡಿಸುವ ಹೊಸ ರ‍್ಯಾಕ್ ಬಂದಿದೆ. ಅದರಲ್ಲಿ ಉಪಕರಣಗಳನ್ನು ಕೂರಿಸುವ ಹೊಣೆ ನನಗೂ ಇನ್ನೊಬ್ಬ ಸಹೋದ್ಯೋಗಿಗೂ ಬಿದ್ದಿದೆ. ಇಬ್ಬರಿಗೂ ಸಾಫ್ಟ್‌ವೇರ್ ಭಾಗ ಚೆನ್ನಾಗಿ ಗೊತ್ತಿದೆಯಾದರೂ ಇಷ್ಟು ಭಾರದ ಸಾಮಾನುಗಳನ್ನು ಎತ್ತಿ ಕೂರಿಸಿದ ಅನುಭವವಿಲ್ಲ.

ಬಂದಿರುವ ಸಾಮಾನುಗಳೆಂದರೆ ತಲಾ 30 ಕಿಲೋ ತೂಗುವ 2 ಯು ಸರ್ವರ್‌ಗಳು ನಾಲ್ಕು, 24 ಡಿಸ್ಕ್‌ಗಳಿರುವ 4 ಯು ಸ್ಟೋರೇಜ್ ಪೆಟ್ಟಿಗೆ ಒಂದು, 1 ಯು ಸ್ವಿಚ್‌ಗಳು ಎರಡು, ಮತ್ತು ಬ್ಯಾಟರಿಗಳೂ ಸೇರಿ 50 ಕಿಲೋ ದಾಟುವ 3 ಕೆವಿಎ ಯುಪಿಎಸ್ ಒಂದು. ರ‍್ಯಾಕ್‌ನ ಹಿಂಬದಿಯಲ್ಲಿ 16 ಆಂಪಿಯರ್‌ನ ಎರಡು ಪಿಡಿಯುಗಳಿವೆ (ಉಪಕರಣಗಳಿಗೆ ವಿದ್ಯುತ್ ಹಂಚುವ ಪ್ಲಗ್ ಪಟ್ಟಿಗಳು). ರ‍್ಯಾಕ್ ಸದ್ಯಕ್ಕೆ ಚಕ್ರಗಳ ಮೇಲೆಯೇ ನಿಂತಿದೆ.

ಆಗಾಗ ಬಗ್ಗುವ ತೊಂದರೆ ತಪ್ಪಲಿ ಎಂದು ಸರ್ವರ್‌ಗಳನ್ನು ಎದೆಯ ಮಟ್ಟದಲ್ಲಿ ಕೂರಿಸಿ ಕೆಳಭಾಗವನ್ನು ಮುಂದಿನ ಖರೀದಿಗೆ ಖಾಲಿ ಬಿಡಬೇಕು ಎಂಬುದು ಸಹೋದ್ಯೋಗಿಯ ಸಲಹೆ. ಇದು ಸರಿಯೇ? ಎರಡೂ ಪಿಡಿಯುಗಳನ್ನು ಯುಪಿಎಸ್‌ಗೇ ಜೋಡಿಸಬಹುದೇ? ಮುಂದೆ ಮೆಮೊರಿ ಬದಲಿಸಲು ಸರ್ವರನ್ನು ಹೊರಗೆಳೆಯುವಾಗ ಯಾವ ಎಚ್ಚರಿಕೆ ಬೇಕು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ತೂಕದಕಲ್ಲು (ಉತ್ತರ)

ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಕೆಳಭಾಗವನ್ನು ಖಾಲಿ ಬಿಡಬೇಡಿ. ಸರ್ವರ್ ಕೋಣೆ ಎಂದೊಡನೆ ಎಲ್ಲರೂ ವಿದ್ಯುತ್ತಿಗೆ ಹೆದರುತ್ತಾರೆ, ಹೆದರುವುದು ತಪ್ಪೂ ಅಲ್ಲ. ಆದರೆ ರ‍್ಯಾಕ್ ಕೆಲಸದಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ತೂಕವನ್ನು, ಏಕೆಂದರೆ ವಾಲಿದ ರ‍್ಯಾಕ್ ನಮ್ಮ ಮೇಲೆ ಬೀಳುವುದನ್ನು ತಡೆಯುವ ಬ್ರೇಕರ್ ಯಾವುದೂ ಇಲ್ಲ.

ಒಂದು ಲೆಕ್ಕ ನೋಡಿ. ನಿಮ್ಮ ಖಾಲಿ ರ‍್ಯಾಕ್ 100 ಕಿಲೋ ತೂಗುತ್ತದೆ, ಒಂದು ಮೀಟರ್ ಆಳವಿದೆ, ಮುಂದಿನ ಚಕ್ರಗಳು ಮುಂಭಾಗದಿಂದ 10 ಸೆಂಟಿಮೀಟರ್ ಒಳಗಿವೆ ಎಂದಿಟ್ಟುಕೊಳ್ಳೋಣ. ರ‍್ಯಾಕ್‌ನ ಗುರುತ್ವಕೇಂದ್ರ ಚಕ್ರಗಳಿಂದ 40 ಸೆಂಟಿಮೀಟರ್ ಹಿಂದಿರುವುದರಿಂದ ಅದನ್ನು ನಿಲ್ಲಿಸಿರುವ ಬಲದ ಅಳತೆ 100 ಗುಣಿಸು 40, ಅಂದರೆ 4000. ಈಗ 80 ಸೆಂಟಿಮೀಟರ್ ಉದ್ದದ 30 ಕಿಲೋ ಸರ್ವರ್ ಪೂರ್ತಿ ಹೊರಬಂದರೆ ಅದರ ಕೇಂದ್ರ ಚಕ್ರಗಳಿಂದ ಸುಮಾರು 50 ಸೆಂಟಿಮೀಟರ್ ಮುಂದಕ್ಕೆ ಹೋಗುತ್ತದೆ. ಅದು ಮುಂದಕ್ಕೆ ಎಳೆಯುವ ಪಾಲು 1500. ರ‍್ಯಾಕ್ ನಿಂತೇ ಇರುತ್ತದೆ. ಆದರೆ ಆ ಸರ್ವರ್‌ನ ತುದಿಗೆ ಯಾರಾದರೂ ಕೈಯೂರಿ 40 ಕಿಲೋದಷ್ಟು ಭಾರ ಹಾಕಿದರೆ ಇನ್ನೂ 3600 ಸೇರಿ ಮೊತ್ತ 5100 ಆಗುತ್ತದೆ, ರ‍್ಯಾಕ್ ಮಗುಚುತ್ತದೆ. ಯಾರೂ ಕೈಯೂರದಿದ್ದರೂ, ರ‍್ಯಾಕ್‌ನಲ್ಲಿರುವ ಮೂರೇ ಸರ್ವರ್‌ಗಳನ್ನು ಒಟ್ಟಿಗೆ ಹೊರಗೆಳೆದರೆ ಫಲ ಅದೇ. ಒಮ್ಮೆಗೆ ಒಂದೇ ಉಪಕರಣ ಹೊರಗಿರಬೇಕು, ಹೊರಬಂದ ಉಪಕರಣವನ್ನು ಮೇಜಿನಂತೆ ಬಳಸಬಾರದು ಎಂದು ತಯಾರಕರು ಪದೇ ಪದೇ ಹೇಳುವುದು ಇದಕ್ಕಾಗಿಯೇ.

ಆದ್ದರಿಂದ ಮೊದಲು ರ‍್ಯಾಕನ್ನು ಅದರ ಜಾಗಕ್ಕೆ ತಂದು, ಮಟ್ಟದ ಕಾಲುಗಳನ್ನು ಚಕ್ರಗಳ ಮೇಲಿನ ಭಾರ ಇಳಿಯುವವರೆಗೆ ತಿರುಗಿಸಿ, ಮುಂಭಾಗಕ್ಕೆ ಬೀಳದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ. ನೆಲಕ್ಕೆ ಬೋಲ್ಟ್ ಹಾಕುವ ಅವಕಾಶವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಂತರ ಯುಪಿಎಸ್ ತಳದಲ್ಲಿ, ಅದರ ಮೇಲೆ ಸ್ಟೋರೇಜ್, ಅದರ ಮೇಲೆ ಸರ್ವರ್‌ಗಳು, ಕೊನೆಗೆ ಸ್ವಿಚ್‌ಗಳು. ಮುಂದೊಂದು ದಿನ ಬಿಚ್ಚುವಾಗ ಮೇಲಿನಿಂದ ಕೆಳಕ್ಕೆ ಬನ್ನಿ.

ಎತ್ತುವ ವಿಚಾರದಲ್ಲಿ ಐಬಿಎಂ ತನ್ನ ಉಪಕರಣಗಳಿಗೆ ಅಂಟಿಸುವ ಚೀಟಿಯ ಮಾನದಂಡ ನೆನಪಿಡಲು ಸುಲಭ: 18 ಕಿಲೋದಿಂದ ಇಬ್ಬರು, 32 ಕಿಲೋದಿಂದ ಮೂವರು, 55 ಕಿಲೋದಿಂದ ನಾಲ್ವರು. ನಿಮ್ಮ ಸರ್ವರ್‌ಗಳಿಗೆ ಇಬ್ಬರು ಸಾಕು. ಯುಪಿಎಸ್‌ನ ಬ್ಯಾಟರಿ ಪೊಟ್ಟಣಗಳನ್ನು ಮೊದಲೇ ತೆಗೆದು, ಖಾಲಿ ಪೆಟ್ಟಿಗೆಯನ್ನು ಕೂರಿಸಿ ಸ್ಕ್ರೂ ಬಿಗಿಮಾಡಿದ ಮೇಲೆಯೇ ಅವುಗಳನ್ನು ಒಳಗಿಡಿ. ಸ್ಟೋರೇಜ್‌ನಿಂದ ಡಿಸ್ಕ್‌ಗಳನ್ನೂ ಹೀಗೆಯೇ ತೆಗೆಯಿರಿ. ಮೂರೂವರೆ ಇಂಚಿನ ಡಿಸ್ಕ್ ಒಂದಕ್ಕೆ ಸುಮಾರು 700 ಗ್ರಾಂ ಎಂದರೂ 24 ಡಿಸ್ಕ್‌ಗಳಿಂದ 16 ಕಿಲೋಗಿಂತ ಹೆಚ್ಚು ಇಳಿಯುತ್ತದೆ. ತೆಗೆಯುವ ಮೊದಲು ಪ್ರತಿ ಡಿಸ್ಕ್‌ಗೂ ಅದರ ಸ್ಥಾನದ ಸಂಖ್ಯೆಯನ್ನು ಅಂಟಿಸುವುದನ್ನು ಮರೆಯಬೇಡಿ.

ರೈಲ್‌ಗಳ (ಸರ್ವರ್ ಒಳಕ್ಕೂ ಹೊರಕ್ಕೂ ಜಾರುವ ಲೋಹದ ಪಟ್ಟಿಗಳ) ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಒಂದು ಯು ಎಂದರೆ 44.45 ಮಿಲಿಮೀಟರ್, ರೈಲ್ ಸಿಕ್ಕಿಸಲು ಕಂಬದ ಅಷ್ಟು ಎತ್ತರದಲ್ಲಿ ಮೂರು ತೂತುಗಳಿರುತ್ತವೆ. ಆದರೆ ಅವುಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ: ಒಂದೇ ಯುನ ತೂತುಗಳ ನಡುವೆ 15.875 ಮಿಲಿಮೀಟರ್ ಇದ್ದರೆ, ಒಂದು ಯುನ ಕೊನೆಯ ತೂತಿಗೂ ಮುಂದಿನದರ ಮೊದಲ ತೂತಿಗೂ ನಡುವೆ 12.7 ಮಿಲಿಮೀಟರ್ ಮಾತ್ರ. ದೂರದಿಂದ ನೋಡಿದರೆ ಎಲ್ಲ ತೂತುಗಳೂ ಒಂದೇ ರೀತಿ ಕಾಣುವುದರಿಂದ ಎಡಗಡೆಯ ರೈಲ್ ಒಂದು ತೂತು ಮೇಲೆ, ಬಲಗಡೆಯದು ಕೆಳಗೆ ಕೂರುವುದು ಬಹಳ ಸುಲಭ. ಹಾಗಾದಾಗ ಸರ್ವರ್ ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಡಿದವರು ಬಲವಾಗಿ ತಳ್ಳುತ್ತಾರೆ, ಒಂದು ಬದಿ ಕಳಚಿಕೊಂಡು ಭಾರವೆಲ್ಲ ಒಬ್ಬರ ಮುಂಗೈ ಮೇಲೆ ಬೀಳುತ್ತದೆ. ಕಂಬದ ಮೇಲೆ ಮುದ್ರಿಸಿರುವ ಯು ಸಂಖ್ಯೆಯನ್ನು ನಾಲ್ಕೂ ಮೂಲೆಗಳಲ್ಲಿ ಓದಿ ನೋಡಿ, ರೈಲ್‌ನ ಕೊಕ್ಕೆ ಟಕ್ಕೆಂದು ಕೂತದ್ದನ್ನು ಕೈಯಿಂದ ಎಳೆದು ಖಚಿತಪಡಿಸಿಕೊಂಡ ಮೇಲೆಯೇ ಸರ್ವರ್ ಎತ್ತಿರಿ. ಸರ್ವರನ್ನು ಕೈಯಲ್ಲಿ ಹಿಡಿದುಕೊಂಡು ಚರ್ಚೆ ಮಾಡುವಂತಾಗಬಾರದು; ಯಾರು ಯಾವ ಬದಿ, ಯಾರ ಮಾತಿಗೆ ಎತ್ತುವುದು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಲಿ.

ಎರಡನೆಯ_ದಾರಿ (ಉತ್ತರ)

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ವಿದ್ಯುತ್ತಿನ ಭಾಗಕ್ಕಷ್ಟೇ ಉತ್ತರಿಸುತ್ತೇನೆ.

ಎರಡೂ ಪಿಡಿಯುಗಳನ್ನು ಒಂದೇ ಯುಪಿಎಸ್‌ಗೆ ಜೋಡಿಸಿದರೆ ಸರ್ವರ್‌ಗಳಲ್ಲಿರುವ ಎರಡೆರಡು ಪವರ್ ಸಪ್ಲೈಗಳ ಪ್ರಯೋಜನವೇ ಹೋಗುತ್ತದೆ. ಯುಪಿಎಸ್ ನಿಂತರೆ ಎಲ್ಲವೂ ನಿಲ್ಲುತ್ತದೆ. ಒಂದು ಪಿಡಿಯು ಯುಪಿಎಸ್‌ನಿಂದ, ಇನ್ನೊಂದು ನೇರವಾಗಿ ಪ್ರತ್ಯೇಕ ಬ್ರೇಕರ್‌ನಿಂದ ಬರಲಿ. ಹೀಗೆ ಮಾಡುವಾಗ ಭಾರದ ಲೆಕ್ಕ ಮುಖ್ಯ. ನಾಲ್ಕು ಸರ್ವರ್‌ಗಳಿಗೆ ತಲಾ 400 ವ್ಯಾಟ್, ಸ್ಟೋರೇಜ್‌ಗೆ 500, ಎರಡು ಸ್ವಿಚ್‌ಗಳಿಗೆ 200 ಎಂದುಕೊಂಡರೆ ಒಟ್ಟು 2300 ವ್ಯಾಟ್, 230 ವೋಲ್ಟ್‌ನಲ್ಲಿ ಸುಮಾರು 10 ಆಂಪಿಯರ್. ಸಾಮಾನ್ಯ ದಿನಗಳಲ್ಲಿ ಪ್ರತಿ ಪಿಡಿಯು ಐದೈದು ಆಂಪಿಯರ್ ತೋರಿಸುತ್ತದೆ. ಅದನ್ನು ನೋಡಿ ಇನ್ನೂ ಬೇಕಾದಷ್ಟು ಜಾಗವಿದೆ ಎಂದು ಹೊಸ ಸರ್ವರ್‌ಗಳನ್ನು ಸೇರಿಸುತ್ತಾ ಹೋಗುವವರೇ ಹೆಚ್ಚು. ಒಂದು ದಾರಿ ಕಡಿದ ಕ್ಷಣದಲ್ಲಿ ಪೂರ್ತಿ 10 ಆಂಪಿಯರ್ ಇನ್ನೊಂದರ ಮೇಲೆ ಬೀಳುತ್ತದೆ. ಸತತವಾಗಿ ಹರಿಯುವ ಭಾರ 16ರ ಶೇಕಡಾ 80ನ್ನು, ಅಂದರೆ 12.8 ಆಂಪಿಯರನ್ನು ದಾಟಬಾರದು ಎಂಬ ರೂಢಿಯನ್ನು ಹಿಡಿದರೆ ಪ್ರತಿ ಪಿಡಿಯು ದಿನನಿತ್ಯ 6.4 ಆಂಪಿಯರ್ ಒಳಗೇ ಇರಬೇಕು. ಯುಪಿಎಸ್‌ನ ವ್ಯಾಟ್ ಸಾಮರ್ಥ್ಯ ಅದರ ಕೆವಿಎ ಸಂಖ್ಯೆಗಿಂತ ಕಡಿಮೆ ಇರಬಹುದು, ಅದನ್ನೂ ಓದಿ ನೋಡಿ.

ಅರ್ಥಿಂಗ್ ವಿಷಯದಲ್ಲಿ ರಾಜಿ ಬೇಡ. ಪ್ರತಿ ಪವರ್ ಸಪ್ಲೈಯಿಂದಲೂ ಅಷ್ಟಿಷ್ಟು ಸೋರಿಕೆ ವಿದ್ಯುತ್ ಅರ್ಥ್ ತಂತಿಗೆ ಹರಿಯುತ್ತದೆ. ಒಂದೊಂದರದ್ದು ಚಿಕ್ಕದೇ ಆದರೂ ಒಂದೇ ಪಿಡಿಯುಗೆ ಹತ್ತಾರು ಸೇರಿದಾಗ ಎಲ್ಲದರ ಮೊತ್ತ ಒಂದೇ ಅರ್ಥ್ ತಂತಿಯ ಮೇಲೆ ಬೀಳುತ್ತದೆ. ಆ ತಂತಿ ಎಲ್ಲಿಯಾದರೂ ತುಂಡಾಗಿದ್ದರೆ ರ‍್ಯಾಕ್‌ನ ಲೋಹವನ್ನು ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಹಾಗಾಗಿ ರ‍್ಯಾಕ್‌ನ ಚೌಕಟ್ಟಿಗೆ ಅರ್ಥ್ ತಂತಿಯನ್ನು ಮೊದಲು ಜೋಡಿಸಿ, ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಒಪ್ಪಿದ ಮೇಲೆಯೇ ಪಿಡಿಯುಗೆ ವಿದ್ಯುತ್ ಕೊಡಿ.

ಇನ್ನೊಂದು ಮಾತು. ಯುಪಿಎಸ್‌ನ ಪ್ಲಗ್ ಕಿತ್ತರೆ ಅದು ಸತ್ತಿತು ಎಂದು ಭಾವಿಸಬೇಡಿ. ಪ್ಲಗ್ ಕಿತ್ತಾಗಲೂ ಔಟ್‌ಪುಟ್‌ಗೆ ವಿದ್ಯುತ್ ಕೊಡುವುದೇ ಅದರ ಕೆಲಸ. 12 ವೋಲ್ಟ್‌ನ ಆರು ಬ್ಯಾಟರಿಗಳು ಸರಣಿಯಲ್ಲಿದ್ದರೆ 72 ವೋಲ್ಟ್ ಡಿಸಿ ಯಾವಾಗಲೂ ಇರುತ್ತದೆ, ಅದನ್ನು ಆರಿಸುವ ಸ್ವಿಚ್ ಇಲ್ಲ. ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ಕೋಣೆಯ ಹೊರಗೇ ತೆಗೆದಿಡಿ.

ನೀಲಿದೀಪ (ಉತ್ತರ)

ಮೆಮೊರಿ ಬದಲಿಸುವ ಬಗ್ಗೆ ಕೇಳಿದ್ದೀರಿ. ನಾನು ದಿನನಿತ್ಯ ಮಾಡುವ ಕೆಲಸ ಅದೇ ಆದ್ದರಿಂದ ನಾನು ಪಾಲಿಸುವ ಕ್ರಮವನ್ನು ಬರೆಯುತ್ತೇನೆ.

ಒಂದೇ ಬಗೆಯ ನಾಲ್ಕು ಸರ್ವರ್‌ಗಳು ಒಂದರ ಮೇಲೊಂದು ಇರುವಲ್ಲಿ ತಪ್ಪು ಸರ್ವರನ್ನು ಕಳಚುವ ಅಪಾಯವೇ ದೊಡ್ಡದು. ಮೊದಲು ಆ ಸರ್ವರ್‌ನ ದೂರನಿಯಂತ್ರಣದ ವೆಬ್ ಪುಟದಿಂದ ಗುರುತಿನ ದೀಪವನ್ನು ಹೊತ್ತಿಸಿ. ಅದು ಮುಂದೆಯೂ ಹಿಂದೆಯೂ ಮಿನುಗುವುದರಿಂದ ಹಿಂಬದಿಗೆ ಹೋದಾಗ ಗೊಂದಲವಾಗುವುದಿಲ್ಲ. ಆಪರೇಟಿಂಗ್ ಸಿಸ್ಟಂ ಕ್ರಮವಾಗಿ ಶಟ್‌ಡೌನ್ ಆದ ಮೇಲೆ ಎರಡೂ ಪವರ್ ಕಾರ್ಡ್‌ಗಳನ್ನು ತೆಗೆಯಿರಿ. ಇಲ್ಲಿ ಎರಡೂ ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಒಂದು ಕಾರ್ಡ್ ಉಳಿದಿದ್ದರೂ, ಸರ್ವರ್ ಆಫ್ ಆಗಿದ್ದರೂ, ಮದರ್‌ಬೋರ್ಡ್‌ನಲ್ಲಿ ಸ್ಟ್ಯಾಂಡ್‌ಬೈ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕಾರ್ಡ್ ತೆಗೆದ ಬಳಿಕ ಪವರ್ ಗುಂಡಿಯನ್ನು ಒಮ್ಮೆ ಒತ್ತಿ, ಒಳಗಿನ ದೀಪಗಳು ಆರುವುದನ್ನು ಕಾಯಿರಿ.

ಹೊರಗೆಳೆಯುವಾಗ ಒಬ್ಬರು ಮುಂದೆ ನಿಂತು ನಿಧಾನವಾಗಿ ಎಳೆಯಲಿ, ಇನ್ನೊಬ್ಬರು ಹಿಂದೆ ನಿಂತು ಕೇಬಲ್‌ಗಳು ಬಿಗಿಯಾಗುತ್ತಿವೆಯೇ ಎಂದು ನೋಡಲಿ. ಪೂರ್ತಿ ಬಂದಾಗ ಎರಡೂ ಬದಿಯ ಲಾಕ್ ಬೀಳುವ ಸದ್ದು ಕೇಳಿಸಬೇಕು. ಮರಳಿ ತಳ್ಳುವಾಗ ಬೆರಳುಗಳನ್ನು ರೈಲ್‌ನ ಸಂದಿನಿಂದ ದೂರವಿಡಿ. ಲಾಕ್ ಬಿಡಿಸಲು ಹೆಬ್ಬೆರಳಿಟ್ಟ ಜಾಗದ ಮೂಲಕವೇ ಲೋಹದ ಪಟ್ಟಿ ಸರಿಯುತ್ತದೆ. ಸ್ಕ್ರೂಡ್ರೈವರ್ ಆಗಲಿ ತೆಗೆದ ಮುಚ್ಚಳವಾಗಲಿ ಪಕ್ಕದ ಉಪಕರಣದ ಮೇಲೆ ಇಡಬೇಡಿ.

ಸ್ಥಿರ ವಿದ್ಯುತ್ತಿನಿಂದ ಬಿಡಿಭಾಗಗಳನ್ನು ಕಾಪಾಡಲು ಮಣಿಕಟ್ಟಿನ ಪಟ್ಟಿ ಧರಿಸಿ, ಅದರ ಕ್ಲಿಪ್ಪನ್ನು ಬಣ್ಣ ಬಳಿಯದ ಲೋಹಕ್ಕೆ ಸಿಕ್ಕಿಸಿ. ಬಣ್ಣದ ಮೇಲೆ ಸಿಕ್ಕಿಸಿದ ಪಟ್ಟಿಯಿಂದ ಪ್ರಯೋಜನವಿಲ್ಲ. ಪಟ್ಟಿಯ ತಂತಿಯಲ್ಲಿ ಒಂದು ಮೆಗಾಓಮ್ ರೆಸಿಸ್ಟರ್ ಇರುತ್ತದೆಯಾದರೂ ಅದು ವಿದ್ಯುತ್ ಆಘಾತದಿಂದ ಕಾಪಾಡುವ ಸಾಧನವೆಂದು ನಂಬಬಾರದು. ಹಾಗಾಗಿ ಯುಪಿಎಸ್ ಬ್ಯಾಟರಿಯ ಕೆಲಸಕ್ಕೆ ಹೋಗುವ ಮೊದಲು ಅದನ್ನು ಬಿಚ್ಚಿಡಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಎಂದೂ ತೆರೆಯಬೇಡಿ, ಕೆಟ್ಟರೆ ಇಡಿಯಾಗಿ ಬದಲಿಸಿ. ಸ್ವಿಚ್‌ಗೆ ಫೈಬರ್ ಇದ್ದರೆ ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. 1310 ನ್ಯಾನೋಮೀಟರ್‌ನ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ.

ಕೆಲಸ ಮುಗಿದ ಮೇಲೆ ಖಾಲಿ ಸ್ಥಾನಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿ. ಇಲ್ಲವಾದರೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಬಂದು ಸರ್ವರ್‌ಗಳು ಅದನ್ನೇ ಮತ್ತೆ ಎಳೆದುಕೊಳ್ಳುತ್ತವೆ. ಮುಂಭಾಗದಲ್ಲಿ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಹವಾನಿಯಂತ್ರಣ ಎಂಜಿನಿಯರ್‌ಗಳ ಆಶ್ರೇ ಸಂಸ್ಥೆಯ ಶಿಫಾರಸು.

ಜಾಲನಿರ್ವಾಹಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತೂಕದ ಲೆಕ್ಕವನ್ನು ಸಹೋದ್ಯೋಗಿಗೆ ತೋರಿಸಿದೆ, ಅವರೂ ಒಪ್ಪಿದರು. ಒಂದು ಸಂದೇಹ ಉಳಿದಿದೆ. ರ‍್ಯಾಕ್ ನಿಲ್ಲಬೇಕಾದ ಮೂಲೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಇನ್ನೂ ಮುಗಿದಿಲ್ಲ. ಈಗಿರುವಲ್ಲಿಯೇ ಎಲ್ಲವನ್ನೂ ಕೂರಿಸಿ, ಆಮೇಲೆ ಚಕ್ರಗಳ ಮೇಲೆ ತಳ್ಳಿಕೊಂಡು ಹೋಗಬಹುದೇ? ರ‍್ಯಾಕ್ 1000 ಕಿಲೋಗಿಂತ ಹೆಚ್ಚು ಹೊರುತ್ತದೆ ಎಂದು ಅದರ ಕೈಪಿಡಿಯಲ್ಲಿದೆ.

ತೂಕದಕಲ್ಲು

ದಯವಿಟ್ಟು ಹಾಗೆ ಮಾಡಬೇಡಿ. ಕೈಪಿಡಿಯಲ್ಲಿ ಎರಡು ಸಂಖ್ಯೆಗಳಿರಬೇಕು, ಹುಡುಕಿ ನೋಡಿ. ನೀವು ಹೇಳುತ್ತಿರುವುದು ಬಹುಶಃ ಮಟ್ಟದ ಕಾಲುಗಳ ಮೇಲೆ ನಿಂತಾಗ ಹೊರುವ ಭಾರ. ಚಕ್ರಗಳ ಮೇಲೆ ಉರುಳುವಾಗ ಹೊರುವ ಭಾರ ಅದಕ್ಕಿಂತ ಕಡಿಮೆ ಇರುತ್ತದೆ. ನಿಮ್ಮ ಸಾಮಾನು ಆ ಮಿತಿಯೊಳಗೇ ಇದ್ದರೂ, ಉರುಳಿಸುವಾಗ ಸ್ಟೆಬಿಲೈಸರ್ ಕಳಚಬೇಕಾಗುತ್ತದೆ, ಕಾಲುಗಳನ್ನು ಮೇಲೆತ್ತಬೇಕಾಗುತ್ತದೆ. ಆ ಸ್ಥಿತಿಯಲ್ಲಿ ನೆಲದ ಒಂದು ಕೇಬಲ್ ಮುಚ್ಚಳಕ್ಕೆ ಮುಂದಿನ ಚಕ್ರ ತಡೆದು ನಿಂತರೆ ಮೇಲ್ಭಾಗ ಮಾತ್ರ ಮುಂದಕ್ಕೆ ಬರುತ್ತದೆ.

ಎಲೆಕ್ಟ್ರಿಷಿಯನ್ ಕೆಲಸ ಮುಗಿಯುವವರೆಗೆ ಸಾಮಾನುಗಳು ಪೆಟ್ಟಿಗೆಗಳಲ್ಲೇ ಇರಲಿ. ಆ ನಂತರ ಖಾಲಿ ರ‍್ಯಾಕನ್ನು ಇಬ್ಬರು ಸೇರಿ ಅಗಲದ ದಿಕ್ಕಿನಲ್ಲಿ ಅಲ್ಲ, ಆಳದ ದಿಕ್ಕಿನಲ್ಲಿ ತಳ್ಳಿಕೊಂಡು ಹೋಗಿ. ಮುಂದುಗಡೆ ಸರ್ವರ್ ಪೂರ್ತಿ ಹೊರಬಂದ ಮೇಲೂ ಒಬ್ಬರು ನಿಂತು ಕೆಲಸ ಮಾಡುವಷ್ಟು ಜಾಗ, ಹಿಂದುಗಡೆ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಇದೆಯೇ ಎಂದು ಟೇಪ್ ಹಿಡಿದು ಅಳೆದ ಮೇಲೆ ಕಾಲುಗಳನ್ನು ಇಳಿಸಿ, ರಸಮಟ್ಟ ಇಟ್ಟು ನೋಡಿ, ಅರ್ಥ್ ತಂತಿ ಬಿಗಿಮಾಡಿ. ಮೊದಲ ಪೆಟ್ಟಿಗೆಯನ್ನು ಆಮೇಲೆ ಬಿಚ್ಚಿ.