ಲೂಗರ್ ಪಿ08: ಟಾಗಲ್ ಮೇಲಿನ 42 ಇಸವಿಯೋ, ಕಾರ್ಖಾನೆಯ ಗುರುತೋ?

ಹಳೇಕಬ್ಬಿಣ: ಲೂಗರ್ ಪಿ08, ಜರ್ಮನ್ ಸೈನ್ಯದ ಹಳೇ ಪಿಸ್ತೂಲು. ಟಾಗಲ್ (ಪಿಸ್ತೂಲಿನ ಮೇಲಿರೋ ಮಡಚುವ ಕೊಂಡಿಗಳು) ಮೇಲೆ 42, ಚೇಂಬರ್ (ಗುಂಡು ಕೂರುವ ಜಾಗ) ಮೇಲೆ 1940, ಬಲಮಗ್ಗುಲಲ್ಲಿ ಹದ್ದು, ಅದರ ಕೆಳಗೆ 655. ಸೀರಿಯಲ್ ನಂಬರ್ 7342. ಸೈಡ್ ಪ್ಲೇಟ್ (ಟ್ರಿಗರ್ ಮುಚ್ಚುವ ಪಕ್ಕದ ತಗಡು) ಮೇಲೂ ಸಣ್ಣದಾಗಿ 42 ಇದೆ. ಟ್ರಿಗರ್ ಮಾತ್ರ ಒಣಹುಲ್ಲಿನ ಬಣ್ಣ. ಯಾವ ಕಾರ್ಖಾನೆಯದು?

ಗುರಿಕಾರ: 1940ರ ಪಿಸ್ತೂಲಿಗೆ 1942ರ ಟಾಗಲ್ ಹಾಕಿದ್ದಾರೆ, ಅಷ್ಟೇ. 'ಬಿವೈಎಫ್ 42' ಲೂಗರ್ ನೋಡಿದವರಿಗೆಲ್ಲ ಗೊತ್ತು, 42 ಅಂದ್ರೆ ಇಸವಿ.

ಮುದ್ರೆಪ್ರಿಯ: ಅದರಲ್ಲಿ 42 ಎಲ್ಲಿದೆ ಅಂತ ನೋಡಿದ್ದೀರಾ? ಚೇಂಬರ್ ಮೇಲೆ. ಟಾಗಲ್ ಮೇಲಿರೋದು 'ಬಿವೈಎಫ್'. ಟಾಗಲ್ ಹೇಳೋದು ತಯಾರಕರನ್ನ, ಚೇಂಬರ್ ಹೇಳೋದು ಇಸವಿಯನ್ನ. ಜರ್ಮನಿಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಗೆ 1934ರಿಂದ 'ಎಸ್/42' ಅನ್ನೋ ಗುಟ್ಟಿನ ಕೋಡ್. ಆಗ ಇಸವಿಗೂ ಗುಟ್ಟಿನ ಅಕ್ಷರ: ಕೆ ಅಂದ್ರೆ 1934, ಜಿ ಅಂದ್ರೆ 1935. 1939ರಲ್ಲಿ ಎಸ್ ಹೋಗಿ ಬರೀ 42 ಉಳೀತು, 1941ರಲ್ಲಿ 'ಬಿವೈಎಫ್' ಬಂತು.

ಗುರಿಕಾರ: "ಚೇಂಬರ್ ಹೇಳೋದು ಇಸವಿಯನ್ನ" ಅಂತೀರಲ್ಲ, ಒಂದೇ ಚೇಂಬರ್ ಮೇಲೆ 1917, ಅದರ ಜೊತೆಗೇ 1920 ಇರೋವು ಯಾವತ್ತು ಹುಟ್ಟಿದವು? ಎರಡು ಸಲಾನಾ?

ಮುದ್ರೆಪ್ರಿಯ: 1920 ವೈಮರ್ ಕಾಲದ (ಮೊದಲ ಮಹಾಯುದ್ಧದ ನಂತರದ ಜರ್ಮನ್ ಗಣರಾಜ್ಯ) ಸರ್ಕಾರಿ ಸ್ವತ್ತಿನ ಗುರುತು, ತಯಾರಾದ ಇಸವಿ ಅಲ್ಲ. ಅದನ್ನ ತಂದು 1940ರ ಪಿಸ್ತೂಲಿಗೆ ಯಾಕೆ ಗಂಟು ಹಾಕ್ತೀರಿ?

ಗುರಿಕಾರ: ಸರಿ, ಹಾಗಾದ್ರೆ ಸೈಡ್ ಪ್ಲೇಟ್ ಮೇಲೂ ಕಾರ್ಖಾನೆ ಕೋಡ್ ಹೊಡೀತಿದ್ರಾ? ಅದಕ್ಕೆ ಉತ್ತರಾನೇ ಇಲ್ಲ.

ತೇಗದಪೆಟ್ಟಿಗೆ: ಸೈಡ್ ಪ್ಲೇಟ್‌ನ 42 ಬೇರೆ ಲೆಕ್ಕ. 7342ರ ಕೊನೆಯ ಎರಡು ಅಂಕಿ ಅದು. ಮಿಲಿಟರಿ ಲೂಗರ್‌ನ ಚಿಕ್ಕ ಭಾಗಗಳ ಮೇಲೆಲ್ಲ ಹಾಗೇ ಹೊಡೀತಿದ್ರು. ಇಲ್ಲಿ ಕೋಡೂ 42, ಸೀರಿಯಲ್ ಕೊನೆಯೂ 42. ಗೊಂದಲ ಅಲ್ಲೇ.

ಗುರಿಕಾರ: ಹಾಗಾದ್ರೆ ಟಾಗಲ್ ಮೇಲಿನದೂ ಸೀರಿಯಲ್ ಅಂಕಿನೇ ಯಾಕಾಗಬಾರದು?

ಮುದ್ರೆಪ್ರಿಯ: ಇದು ವಾದಕ್ಕೋಸ್ಕರ ವಾದ! ಕೋಡ್ ಇರೋದು ಟಾಗಲ್‌ನ ಮುಂದಿನ ಕೊಂಡಿಯ ನೆತ್ತಿ ಮೇಲೆ, ದಪ್ಪ ಅಂಕಿಯಲ್ಲಿ. ಸೀರಿಯಲ್ ಅಂಕಿ ಅದರ ಅರ್ಧದಷ್ಟೂ ಇರಲ್ಲ. ಮೇಲಾಗಿ ಹದ್ದಿನ ಕೆಳಗಿನ 655 ಮೌಸರ್‌ನಲ್ಲಿ ಪರೀಕ್ಷೆ ಮಾಡ್ತಿದ್ದವರ ಮುದ್ರೆ.

ತೇಗದಪೆಟ್ಟಿಗೆ: ಇಬ್ಬರೂ ಬಣ್ಣ ಬಿಟ್ಟುಬಿಟ್ರಿ. ಮೌಸರ್ 1937ರ ಮಧ್ಯದಲ್ಲಿ ಸಾಲ್ಟ್ ಬ್ಲೂಯಿಂಗ್‌ಗೆ (ಬಿಸಿ ಲವಣ ದ್ರಾವಣದಲ್ಲಿ ಅದ್ದಿ ಬಣ್ಣ ಕೊಡೋ ವಿಧಾನ) ಬಂತು, ಆಮೇಲೆ ಟ್ರಿಗರ್, ಸೇಫ್ಟಿ ಎಲ್ಲ ಕಪ್ಪುನೀಲಿ. 1940ರದ್ದರಲ್ಲಿ ಹುಲ್ಲುಬಣ್ಣದ ಟ್ರಿಗರ್ ಅಂದ್ರೆ ಹಳೇದರಿಂದ ತಂದು ಹಾಕಿದ್ದು, ಇಲ್ಲಾ ಆಮೇಲೆ ಕಾಯಿಸಿ ಬಣ್ಣ ತಂದಿದ್ದು. @ಹಳೇಕಬ್ಬಿಣ, ಮ್ಯಾಗಜಿನ್ ಹೊರಗೆ ತೆಗೀರಿ, ಚೇಂಬರ್ ಖಾಲಿ ಇದೆ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ಬ್ಯಾರೆಲ್ ಸ್ವಲ್ಪ ಹಿಂದಕ್ಕೆ ಒತ್ತಿ ಲಿವರ್ ಕೆಳಕ್ಕೆ ತಿರುಗಿಸಿದ್ರೆ ಸೈಡ್ ಪ್ಲೇಟ್ ಕೈಗೆ ಬರುತ್ತೆ, ಟ್ರಿಗರ್ ಅಲ್ಲೇ ಸಿಗುತ್ತೆ. ಅದರ ನಂಬರ್ ಹೇಳಿ. ಬ್ಯಾರೆಲ್ ತಳದ್ದೂ ಓದಿ.

ಗುರಿಕಾರ: "ಹಳೇದರಿಂದ ತಂದು ಹಾಕಿದ್ದು". ಬಿಡಿಭಾಗ ಬದಲಾಗಿದೆ ಅಂತ ಮೊದಲು ಹೇಳಿದ್ದು ನಾನೇ.

ಮುದ್ರೆಪ್ರಿಯ: ನೀವು ಹೇಳಿದ್ದು ಟಾಗಲ್. ಬದಲಾಗಿರೋದು ಟ್ರಿಗರ್.

ಹಳೇಕಬ್ಬಿಣ: ಬ್ಯಾರೆಲ್ ತಳದಲ್ಲಿ 7342, ಪಕ್ಕದಲ್ಲಿ 8,83. ಟ್ರಿಗರ್ ಮೇಲೆ 17.

ತೇಗದಪೆಟ್ಟಿಗೆ: 8,83 ಕೊಳವೆಯ ಒಳ ಅಳತೆ, ಮಿಲಿಮೀಟರ್‌ನಲ್ಲಿ. ಬ್ಯಾರೆಲ್ ಇದರದ್ದೇ. 17 ಬೇರೆ ಲೂಗರ್‌ನದು.

ಗುರಿಕಾರ: ಟಾಗಲ್ ಹಿಂದಿನ ಕೊಂಡಿಯ ಅಂಕಿ ಇನ್ನೂ ಯಾರೂ ಕೇಳಿಲ್ಲ. ಅದು ಬರಲಿ, ಆಮೇಲೆ ಮಾತಾಡೋಣ.