ಡಿಸೆಂಬರ್ 27ಕ್ಕೆ ರೋಹ್ತಾಂಗ್ ತೋರಿಸ್ತಾರಂತೆ!

ಗುಂಪು: ಮನೆಮಂದಿ

ಸಾಗರದ ಭಾವ: ಪೋಸ್ಟರ್ ಹಾಕಿದ್ದೇನೆ, ಎಲ್ಲರೂ ನೋಡಿ. ‘ಶಿಮ್ಲಾ–ಕುಫ್ರಿ–ಮನಾಲಿ, 5 ರಾತ್ರಿ 6 ದಿನ, ಡಿಸೆಂಬರ್ 24ರಿಂದ 29. ನಾಲ್ಕನೇ ದಿನ ರೋಹ್ತಾಂಗ್ ಪಾಸ್. ಹಿಮ ಗ್ಯಾರಂಟಿ.’ ಹನ್ನೊಂದು ಜನ ಆದ್ರೆ ಒಂದು ಟೆಂಪೊ ಟ್ರಾವೆಲರ್ ಪೂರ್ತಿ ನಮಗೇ. ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಇವತ್ತು ರಾತ್ರಿಯೊಳಗೆ ಮುಂಗಡ ಕೊಡಬೇಕು.

ಶಿವಮೊಗ್ಗದ ಅಕ್ಕ: ಅಮ್ಮನೂ ಬರ್ತಾರಂತೆ. ಹಿಮ ನೋಡಬೇಕು ಅಂತ ಎಷ್ಟು ವರ್ಷದ ಆಸೆ.

ಚಂಡೀಗಢದ ತಮ್ಮ: ಭಾವ, ದಯವಿಟ್ಟು ಮುಂಗಡ ಕೊಡಬೇಡಿ. ನಾಲ್ಕನೇ ದಿನ ಅಂದ್ರೆ 27. ರೋಹ್ತಾಂಗ್ ಅಂದ್ರೆ ಮನಾಲಿಯಿಂದ ಮೇಲಿನ ಘಾಟಿ ದಾರಿ, 3,978 ಮೀಟರ್ ಎತ್ತರ. ಚಳಿಗಾಲದ ಮೊದಲ ದೊಡ್ಡ ಹಿಮಕ್ಕೆ ಆ ರಸ್ತೆ ಮುಚ್ಚಿದ್ರೆ ಮತ್ತೆ ತೆರೆಯೋದು ಮೇ ಹೊತ್ತಿಗೆ. ಡಿಸೆಂಬರ್ ಕೊನೆಗೆ ಅಲ್ಲಿಗೆ ಕರ್ಕೊಂಡು ಹೋಗ್ತೇವೆ ಅಂತ ಅಚ್ಚು ಹಾಕಿದವರಿಗೆ ಒಂದೋ ಆ ದಾರಿ ಗೊತ್ತಿಲ್ಲ, ಇಲ್ಲಾ ಅಟಲ್ ಸುರಂಗ ತೋರಿಸಿ ಇದೇ ರೋಹ್ತಾಂಗ್ ಅಂತಾರೆ. ಸುರಂಗ ಇರೋದು ಪಾಸ್‌ನ ಅಡಿಯಲ್ಲಿ, ಸುಮಾರು 3,060 ಮೀಟರಿನಲ್ಲಿ.

ಸಾಗರದ ಭಾವ: ಹೆಸರು ಎಂತದಾದ್ರೂ ಇರಲಿ ಮಾರಾಯ, ಹಿಮ ಸಿಕ್ಕಿದ್ರೆ ಸಾಕಲ್ಲ?

ಚಂಡೀಗಢದ ತಮ್ಮ: ಸಿಗ್ತದಾ ಅನ್ನೋದೇ ಪ್ರಶ್ನೆ. ಚಳಿ ಇದ್ದ ಮಾತ್ರಕ್ಕೆ ಹಿಮ ಬೀಳೋದಿಲ್ಲ, ಮೋಡ ಬೇಕು. ನಮಗೆ ಮುಂಗಾರಿನ ಮೋಡ ಅರಬ್ಬಿ ಸಮುದ್ರದಿಂದ ಬಂದ ಹಾಗೆ ಅವರಿಗೆ ಚಳಿಗಾಲದ ಮೋಡ ಮೆಡಿಟರೇನಿಯನ್ ಕಡೆಯಿಂದ ಬರ್ತದೆ. ಹವಾಮಾನದವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರಲ್ಲ, ಅದೇ. ಒಂದು ಬಂದು ಎರಡು ಮೂರು ದಿನ ಸುರಿದು ಹೋಗ್ತದೆ, ಆಮೇಲೆ ವಾರಗಟ್ಟಲೆ ಬರಿ ಬಿಸಿಲು. ಜನವರಿ, ಫೆಬ್ರವರಿಯಲ್ಲಿ ಇವು ಹೆಚ್ಚು ಬಲವಾಗಿರ್ತವೆ, ಮೊದಲು ಬಿದ್ದ ಹಿಮವೂ ನೆಲದಲ್ಲಿ ಉಳಿದಿರ್ತದೆ. ಡಿಸೆಂಬರ್ ಒಣಗಿಯೇ ಹೋದ ವರ್ಷಗಳು ಬೇಕಷ್ಟಿವೆ.

ಇನ್ನು ಎತ್ತರ. ಸಾವಿರ ಮೀಟರ್ ಏರಿದ್ರೆ ಸುಮಾರು 6.5 ಡಿಗ್ರಿ ಇಳೀತದೆ. ಶಿಮ್ಲಾ 2,200, ಮನಾಲಿ 2,050, ಕುಫ್ರಿ 2,700ರ ಹತ್ತಿರ, ಮನಾಲಿಯಿಂದ ಸುರಂಗಕ್ಕೆ ಹೋಗೋ ದಾರಿಯ ಸೋಲಾಂಗ್ 2,500 ದಾಟ್ತದೆ, ಸುರಂಗದ ಆಚೆ ಸಿಸ್ಸು 3,100. ಮನಾಲಿಯಲ್ಲಿ 5 ಡಿಗ್ರಿಯಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ರೆ ಅದೇ ಹೊತ್ತಿಗೆ ಸಿಸ್ಸುವಿನಲ್ಲಿ ಮೈನಸ್ 2, ಅಲ್ಲಿ ಬೀಳೋದು ಹಿಮ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಮನಾಲಿ ಪೇಟೆಯೇ ಅದಕ್ಕಿಂತ ಮೇಲೆ. ಹಾಗಿದ್ರೂ ಪೇಟೆಯೊಳಗೆ ಹಿಮ ನಿಲ್ಲೋದು ವರ್ಷಕ್ಕೆ ಕೆಲವೇ ದಿನ. ಆದ್ದರಿಂದ ಗ್ಯಾರಂಟಿ ಅನ್ನೋ ಪದವನ್ನು ಯಾರೂ ಬಳಸೋ ಹಾಗಿಲ್ಲ. ನಾವು ಮಾಡಬಹುದಾದದ್ದು ಇಷ್ಟೇ: ಎತ್ತರದ ಜಾಗಕ್ಕೆ ಹತ್ತಿರ ಉಳ್ಕೊಂಡು ಒಂದು ದಿನ ಖಾಲಿ ಇಟ್ಕೊಳ್ಳೋದು.

ಸಾಗರದ ಭಾವ: ಹಾಗಾದ್ರೆ ಶಿಮ್ಲಾ ಬಿಡಬೇಕಾ? ಮಾಲ್ ರೋಡ್, ಕಲ್ಕಾದ ಪುಟ್ಟ ರೈಲು ಎಲ್ಲ ಇದೆ ಅದ್ರಲ್ಲಿ.

ಚಂಡೀಗಢದ ತಮ್ಮ: ರೈಲು ಖಂಡಿತ ಒಳ್ಳೇದು. 1903ರದ್ದು, 96 ಕಿಲೋಮೀಟರ್, 2008ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಅದಕ್ಕೆ ಅಂತಲೇ ಒಂದು ಪ್ರವಾಸ ಮಾಡಿ. ಇದ್ರಲ್ಲಿ ತುರುಕಬೇಡಿ. ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿಲೋಮೀಟರ್ ಗುಡ್ಡದ ದಾರಿ, ಏಳೆಂಟು ಗಂಟೆ. ಅಮ್ಮನ ಮಂಡಿಗೂ ಕಷ್ಟ, ಒಂದು ಪೂರ್ತಿ ದಿನವೂ ಹೋಗ್ತದೆ. ಶಿಮ್ಲಾಕ್ಕೇ ಹೋಗೋದಾದ್ರೆ ಕುಫ್ರಿಯ ಕುದುರೆ ಕೆಸರು ಬಿಟ್ಟು ಶಿಮ್ಲಾದಿಂದ 60 ಕಿಲೋಮೀಟರ್ ಆಚೆ ನಾರ್ಕಂಡಕ್ಕೆ ಹೋಗಿ.

ಹೊಸನಗರದ ಮಾವ: ಟೆಂಪೊ ಯಾಕೆ? ಚಂಡೀಗಢದಲ್ಲಿ ಎರಡು ಬಾಡಿಗೆ ಕಾರು ತಗೊಂಡ್ರೆ ನಾನೊಂದು ಓಡಿಸ್ತೇನೆ. ಆಗುಂಬೆ ಘಾಟಿ ಮಳೆಗಾಲದಲ್ಲಿ ಇಳಿಸೋರಿಗೆ ಅದೆಂತ ಮಹಾ?

ಚಂಡೀಗಢದ ತಮ್ಮ: ಮಾವ, ಮನಾಲಿವರೆಗೆ ನೀವು ಆರಾಮಾಗಿ ಓಡಿಸ್ತೀರಿ. ಅಲ್ಲಿಂದ ಮೇಲೆ ಬೇಡ. ಆಗುಂಬೆಯಲ್ಲಿ ನೀರು ಹರಿದ್ರೂ ಟೈರಿನಡಿ ಡಾಂಬರು ಇರ್ತದೆ, ಬ್ರೇಕ್ ಒತ್ತಿದ್ರೆ ಹಿಡೀತದೆ. ಅಲ್ಲಿ ಹಗಲು ಕರಗಿದ ಹಿಮದ ನೀರು ಬಿಸಿಲು ಇಳಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗ್ತದೆ. ಕಣ್ಣಿಗೆ ಒದ್ದೆ ರಸ್ತೆ ಅಷ್ಟೇ. ಬ್ರೇಕ್ ಒತ್ತಿದ್ರೆ ಚಕ್ರ ನಿಲ್ತದೆ, ಗಾಡಿ ನಿಲ್ಲೋದಿಲ್ಲ.

ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತೋ ಚೈನ್ ಹಾಕೋದಕ್ಕೂ ಕ್ರಮ ಇದೆ. ಎಂಜಿನ್ ಎಳೆಯೋ ಚಕ್ರಕ್ಕೇ ಹಾಕಬೇಕು, ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಮುಂದಿನದು. ನೂರು ಮೀಟರ್ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು. ಇಲ್ಲದಿದ್ರೆ ಸಡಿಲಾಗಿ ಮಡ್‌ಗಾರ್ಡ್ ಒಳಗೆ ಹೊಡೀತದೆ. 30 ದಾಟಬಾರದು. ಬರಿ ಡಾಂಬರು ಬಂದ ಕೂಡಲೇ ಬಿಚ್ಚಬೇಕು, ಹಾಗೇ ಓಡಿಸಿದ್ರೆ ಚೈನ್ ತುಂಡಾಗಿ ಟೈರ್ ಕೊಯ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ರೆ ಅಲ್ಲೇ ಹೆಪ್ಪುಗಟ್ಟಿ ಕೂರ್ತದೆ. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡೋದು ರೂಢಿ. ಕೆಳಗೆ ಬಯಲಲ್ಲಿ ತುಂಬಿಸಿದ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿದ್ರೆ ಬೆಳಿಗ್ಗೆ ಸ್ಟಾರ್ಟೇ ಆಗೋದಿಲ್ಲ.

ಹಿಮ ಬಿದ್ದ ದಿನ ಪೊಲೀಸರು ಸೋಲಾಂಗ್ ಹತ್ತಿರವೇ ತಡೆದು ಚೈನ್ ಹಾಕಿದ ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಇರೋ ಗಾಡಿ ಮಾತ್ರ ಬಿಡ್ತಾರೆ. ನಿಮ್ಮ ಟೆಂಪೊ ಟ್ರಾವೆಲರೂ ಅಲ್ಲೇ ನಿಲ್ತದೆ ಭಾವ. ಮೇಲಿನ ಗಾಡಿಯ ಬಾಡಿಗೆ ನಿಮ್ಮ ಪ್ಯಾಕೇಜಿನಲ್ಲಿ ಸೇರಿದೆಯಾ?

ಸಾಗರದ ಭಾವ: ಅದು ಬರೆದಿಲ್ಲ.

ಚಂಡೀಗಢದ ತಮ್ಮ: ದಿನಾಂಕವೂ ನೋಡಿ. ಕ್ರಿಸ್‌ಮಸ್ ವಾರ ದೆಹಲಿ, ಪಂಜಾಬ್ ಪೂರ್ತಿ ಮನಾಲಿಯಲ್ಲಿ ಇರ್ತದೆ. 2024ರ ಡಿಸೆಂಬರ್ 23ರಂದು ಸೋಲಾಂಗ್‌ಗೂ ಸುರಂಗಕ್ಕೂ ನಡುವೆ ಸುಮಾರು ಸಾವಿರ ವಾಹನ ಹಿಮದಲ್ಲಿ ಸಿಕ್ಕಿಬಿದ್ವು. ಅಂಥ ಸಾಲಿನಲ್ಲಿ ಅಮ್ಮನನ್ನ ಕೂರಿಸೋದು ಬೇಡ.

ಹೊಸನಗರದ ಮಾವ: ಡಿಸೆಂಬರಿಗೆ ಅಡಿಕೆ ಕೊನೆಕೊಯ್ಲೂ ಮುಗಿಯೋದಿಲ್ಲ. ಫೆಬ್ರವರಿ ಆದ್ರೆ ನನಗೂ ಆಗ್ತದೆ.

ಶಿವಮೊಗ್ಗದ ಅಕ್ಕ: ಫೆಬ್ರವರಿಗೆ ಮಗಳ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ. ಅವಳನ್ನ ಬಿಟ್ಟು ನಾನು ಬರೋದಿಲ್ಲ. ಸಂಕ್ರಾಂತಿ ಹಿಂದೆ ಮುಂದೆ ಆಗ್ತದಾ ನೋಡಿ.

ಚಂಡೀಗಢದ ತಮ್ಮ: ಸಂಕ್ರಾಂತಿ ಹೊತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು, ಜನವೂ ಇಳಿದಿರ್ತಾರೆ. ಫೆಬ್ರವರಿ ಆದ್ರೆ ಇನ್ನೊಂದು ವಿಷಯ ಇದೆ. ಈಚಿನ ವರ್ಷಗಳಲ್ಲಿ ಜನವರಿ ಕೊನೆಯ ಭಾಗದಿಂದ ಫೆಬ್ರವರಿವರೆಗೆ ಸಿಸ್ಸುವಿನವರು ಊರದೇವರ ಕಾರ್ಯ ಅಂತ ಪ್ರವಾಸಿಗರ ಆಟ ಎಲ್ಲ ನಿಲ್ಲಿಸ್ತಿದ್ದಾರೆ. ನಮ್ಮ ಕಡೆ ಮಾರಿಜಾತ್ರೆಗೆ ಮೊದಲು ಹೊರಬೀಡು ಮಾಡ್ತಾರಲ್ಲ, ಅಂಥ ಕಟ್ಟುಪಾಡು. ಅದನ್ನ ಮುರಿದು ಒಳಗೆ ಹೋಗೋದು ಸರಿಯಲ್ಲ. ಆಗ ಸೋಲಾಂಗ್‌ನಲ್ಲೇ ಇರಬೇಕಾಗ್ತದೆ.

ತೀರ್ಥಹಳ್ಳಿ ಅತ್ತಿಗೆ: ದಿನ ನೀವು ನೋಡ್ಕೊಳ್ಳಿ. ಬಟ್ಟೆ ವಿಷಯ ನಾನು ಹೇಳ್ತೇನೆ, ದಪ್ಪ ಸ್ವೆಟರ್ ಒಂದಿದ್ರೆ ಆಯ್ತು ಅಂತ ಎಲ್ಲರೂ ಅಂದ್ಕೊಂಡಿರ್ತೀರಿ. ಮೈಗಂಟೋದು ಹತ್ತಿಯದ್ದು ಬೇಡವೇ ಬೇಡ. ಬೆವರು ಹೀರ್ಕೊಂಡು ಒದ್ದೆಯಾಗಿ ಅಲ್ಲೇ ತಣ್ಣಗೆ ಕೂರ್ತದೆ. ಪಾಲಿಯೆಸ್ಟರ್ ಇಲ್ಲಾ ಉಣ್ಣೆಯ ಥರ್ಮಲ್, ಅದ್ರ ಮೇಲೆ ಫ್ಲೀಸ್, ಹೊರಗೆ ಗಾಳಿ ನೀರು ಎರಡೂ ತಡೆಯೋ ಜಾಕೆಟ್. ಜೀನ್ಸ್ ಒದ್ದೆಯಾದ್ರೆ ಒಣಗೋದಿಲ್ಲ. ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿಯೋ ಊರಿನವರಿಗೆ ಒದ್ದೆಯಾದ್ರೂ ಉಣ್ಣೆ ಬಿಸಿ ಅನ್ನೋದನ್ನ ಹೇಳಿಕೊಡಬೇಕಾಗಿಲ್ಲ.

ಇಂಬಳ (ಜಿಗಣೆ) ಕಚ್ಚದ ಹಾಗೆ ಹಾಕೋ ಕಾಲ್ಚೀಲ ತರ್ತೇನೆ ಅಂತ ಯಾರೂ ಹೇಳಬೇಡಿ, ಅದು ಹತ್ತಿಯದ್ದು. ಸೋಲಾಂಗ್ ದಾರಿಯಲ್ಲಿ ಬಾಡಿಗೆಗೆ ಕೊಡೋ ಗಂಬೂಟಿಗೆ ಒಂದು ತೆಳು, ಒಂದು ಉಣ್ಣೆ ಕಾಲ್ಚೀಲ ಸಾಕು. ಮೂರು ತುರುಕಿದ್ರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗ್ತದೆ. ಬೂಟು ಒಂದು ಸೈಜ್ ದೊಡ್ಡದು ಕೇಳಿ.

ಕಪ್ಪು ಕನ್ನಡಕ ಚಂದಕ್ಕಲ್ಲ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣವನ್ನ 80 ಶೇಕಡಾದವರೆಗೂ ವಾಪಸ್ ಎಸೀತದೆ, ಮಕ್ಕಳಿಗೂ ಬೇಕು. ಮೊಬೈಲ್ ಒಳಕಿಸೆಯಲ್ಲಿ ಇರಲಿ, ಚಳಿಗೆ ಬ್ಯಾಟರಿ ಸರ್ರಂತ ಇಳೀತದೆ. ಕ್ಯಾಮೆರಾವನ್ನ ಹೊರಗೇ ಜಿಪ್ ಚೀಲಕ್ಕೆ ಹಾಕಿ, ರೂಮಿಗೆ ಬಂದು ಅರ್ಧ ಗಂಟೆ ಬಿಟ್ಟು ತೆಗೀರಿ. ಇಲ್ಲಾಂದ್ರೆ ಲೆನ್ಸ್ ಒಳಗೆ ಬೆವರು ಕೂರ್ತದೆ.

ಶಿವಮೊಗ್ಗದ ಅಕ್ಕ: ಅಮ್ಮ ನಡೆಯೋದು ಹೇಗೆ?

ತೀರ್ಥಹಳ್ಳಿ ಅತ್ತಿಗೆ: ಆಷಾಢದಲ್ಲಿ ಪಾಚಿ ಹಿಡಿದ ಅಂಗಳ ದಾಟೋ ಹಾಗೆ. ಸಣ್ಣ ಹೆಜ್ಜೆ, ಪಾದ ಪೂರ್ತಿ ಊರಬೇಕು, ಕೈ ಕಿಸೆಯಲ್ಲಿ ಇರಬಾರದು. ಅಂಗಳಕ್ಕಾದ್ರೆ ಅಡಿಕೆ ದಬ್ಬೆ ಹಾಕ್ತೇವೆ, ಅಲ್ಲಿ ಬೂಟಿನಡಿಗೆ ಕಟ್ಟೋ ಮುಳ್ಳುಪಟ್ಟಿ ಸಿಗ್ತದೆ. ರಬ್ಬರ್ ತುದಿಯ ಊರುಗೋಲು ಜಾರ್ತದೆ, ಕಬ್ಬಿಣದ ಮೊನೆ ಇರೋದು ಬೇಕು. ಬಿಪಿ ಮಾತ್ರೆ ಇರೋದ್ರಿಂದ 3,000 ಮೀಟರ್ ಅಂತ ಡಾಕ್ಟರಿಗೆ ಮೊದಲೇ ಹೇಳಿ ಕೇಳಿ. ಮಧ್ಯಾಹ್ನ ಮೂರರೊಳಗೆ ಮೇಲಿಂದ ಹೊರಟುಬಿಡಿ.

ಇದೊಂದು ಎಲ್ಲರೂ ಕೇಳಿ: ಹೋಟೆಲಿನವರು ರೂಮಿಗೆ ಕೆಂಡದ ಅಂಗೀಠಿ ಕೊಟ್ರೆ ಒಳಗಿಟ್ಟು ಮಲಗಬೇಡಿ. ನಮ್ಮ ಅಗ್ಗಿಷ್ಟಿಕೆ ಹಂಚಿನ ಮನೆಯಲ್ಲಿ ನಡೀತದೆ, ಸಂದಿಯಲ್ಲಿ ಗಾಳಿ ಆಡ್ತದೆ. ಅಲ್ಲಿಯ ಬಿಗಿ ಕಿಟಕಿ ರೂಮಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗ್ತದೆ. ಕರೆಂಟ್ ಹೀಟರಿಗೆ ದುಡ್ಡು ಕೇಳಿದ್ರೆ ಕೊಟ್ಟುಬಿಡಿ.

ಸಾಗರದ ಭಾವ: ಸರಿ, ಮುಂಗಡ ಕೊಡೋದಿಲ್ಲ. ಅವರಿಗೆ ಎಂತ ಕೇಳಬೇಕು ಅಂತ ಬರೆದು ಹಾಕು. ಆದ್ರೆ ಸಂಕ್ರಾಂತಿಗೆ ರಜೆ ಸಿಗೋದು ನನಗೆ ಕಷ್ಟ, ಅದು ಇನ್ನೂ ತೀರ್ಮಾನ ಆಗಿಲ್ಲ.

ಚಂಡೀಗಢದ ತಮ್ಮ: ಕೇಳಿ: ಮನಾಲಿಯಲ್ಲೇ ನಾಲ್ಕು ರಾತ್ರಿ ಕೊಡ್ತೀರಾ? ಸೋಲಾಂಗ್‌ನಿಂದ ಮೇಲಿನ ಗಾಡಿ, ಹೀಟರ್, ಬೂಟು ಬಾಡಿಗೆ ಯಾರದ್ದು? ರಸ್ತೆ ಮುಚ್ಚಿದ ದಿನದ ದುಡ್ಡು ವಾಪಸ್ಸಾ? ಉತ್ತರ ಬರಹದಲ್ಲೇ ತಗೊಳ್ಳಿ. ವಾಪಸ್ ಬರೋವಾಗ ದೆಹಲಿಯ ಮುಂಜಾನೆ ವಿಮಾನ ಬೇಡ, ಮಂಜಿಗೆ ತಡ ಆಗ್ತದೆ. ಮಧ್ಯಾಹ್ನದ್ದು ಹಿಡೀರಿ.

ಶಿವಮೊಗ್ಗದ ಅಕ್ಕ: ಅಮ್ಮನ ಚಪ್ಪಲಿ ತಿರುಗಿಸಿ ನೋಡಿದೆ, ಅಳತೆ 5.

ತೀರ್ಥಹಳ್ಳಿ ಅತ್ತಿಗೆ: ಹಾಗಾದ್ರೆ ಬೂಟು 6 ಬರ್ಕೊಳ್ಳಿ.