‘ರೆಸ್ಪಾನ್ಸಿಬಿಲಿಟಿ’: ಎಲ್ಲಿ ಒಡೆಯಬೇಕು, ಎಲ್ಲಿ ಒತ್ತು ಕೊಡಬೇಕು?

ಪ್ರಶ್ನೆ: ಮಗಳು 8ನೇ ಕ್ಲಾಸು, ಇಂಗ್ಲಿಷ್ ಭಾಷಣಕ್ಕೆ ತಯಾರಾಗ್ತಿದ್ದಾಳೆ. ‘ರೆಸ್ಪಾನ್ಸಿಬಿಲಿಟಿ’ ಬಂದಾಗೆಲ್ಲ ‘ರೆ’ಗೆ ಜೋರು ಕೊಟ್ಟು ಉಳಿದದ್ದನ್ನು ಓಡಿಸಿಬಿಡ್ತಾಳೆ. ಕಲಿಸಿ ಅನುಭವ ಇರುವವರು ಹೇಳಿ.

ಇಂಗ್ಲಿಷ್ ಮೇಷ್ಟ್ರು: ಬಾಲದಿಂದ ಕಟ್ಟಿಸಿ. ‘ಇಟಿ’ಯಲ್ಲಿ ಮುಗಿಯುವ ಪದಕ್ಕೆ ಒತ್ತು ಅದರ ಹಿಂದಿನ ಸಿಲಬಲ್ ಮೇಲೆ. ರಿ-ಸ್ಪಾನ್-ಸ-ಬಿ-ಲ-ಟಿ, ಒಟ್ಟು 6, ಒತ್ತು 4ನೆಯದಕ್ಕೆ. ‘ರೆಸ್ಪಾನ್ಸಿಬಲ್’ನಲ್ಲಿ ‘ಸ್ಪಾನ್’ ಮೇಲಿದ್ದ ಒತ್ತು ಇಲ್ಲಿ ‘ಬಿ’ಗೆ ಹೋಗುತ್ತೆ, ‘ಸ್ಪಾನ್’ಗೆ ಕಿರಿಯ ಒತ್ತು ಉಳಿಯುತ್ತೆ. ಮೊದಲು ‘ಬಿಲಟಿ’ 10 ಸಲ, ಆಮೇಲೆ ‘ಸಬಿಲಟಿ’, ‘ಸ್ಪಾನ್‌ಸಬಿಲಟಿ’, ಕಡೆಗೆ ‘ರಿ’ ಸೇರಿಸಿ. ಮುಂದಿನಿಂದ ಕಟ್ಟಿದರೆ ಮೊದಲಕ್ಷರವೇ ಗಟ್ಟಿಯಾಗುತ್ತೆ, ಕನ್ನಡದ ನಾಲಿಗೆಗೆ ಅದೇ ರೂಢಿ. ಕೂತ ರೂಢಿ ಬಿಡಿಸೋಕೆ ಒಂದು ಟರ್ಮ್ ಸಾಲಲ್ಲ.

ಕನ್ನಡ ಪಂಡಿತ: ಇಷ್ಟೆಲ್ಲ ಯಾಕೆ ಸಾರ್? ಲಘು-ಗುರು ಪ್ರಸ್ತಾರ ಹಾಕಿಸಿ. ನಾನು ಹಾಗೇ ಕಲಿಸೋದು.

ಇಂಗ್ಲಿಷ್ ಮೇಷ್ಟ್ರು: ಹಾಕಿ ನೋಡಿ ಮತ್ತೆ! ‘ರೆ’ ಗುರು, ‘ಸ್ಪಾ’ ಗುರು, ಉಳಿದ ನಾಲ್ಕೂ ಲಘು. ಒತ್ತು ಬೀಳಬೇಕಾದ ‘ಬಿ’ಯೇ ಲಘು! ಅದಕ್ಕೇ ಮಕ್ಕಳು ‘ಬೀಲಿಟಿ’ ಅಂತ ಎಳೆಯೋದು. ದನಿ ಏರಬೇಕು, ‘ಇ’ ಹೋಗಿ ‘ಈ’ ಆಗಬಾರದು.

ಪ್ರೂಫ್ ನೋಡುವವಳು: ಡಿಕ್ಷನರಿಯಲ್ಲಿ ಚುಕ್ಕಿ ಇರೋದು ‘ಬಿಲ್’ ಆದಮೇಲೆ. ‘ಬಿ’ ಅಂತ ಒಡೆದು ತಪ್ಪು ಕಲಿಸಬೇಡಿ ಮೇಷ್ಟ್ರೇ.

ಕಾಲೇಜು ಲೆಕ್ಚರರ್: ಮೇಡಂ, ಆ ಚುಕ್ಕಿ ಸಾಲಿನ ತುದಿಯಲ್ಲಿ ಪದ ಮುರಿಯೋಕೆ. ಉಚ್ಚಾರದ ಬರಹ ಬೇರೆ ಇರುತ್ತೆ, ಅಲ್ಲಿ ಮೇಲಿನ ಪುಟ್ಟ ಗೀಟು ಒತ್ತು ಪಡೆಯುವ ಸಿಲಬಲ್‌ಗಿಂತ ಮುಂಚೆ ಬರುತ್ತೆ. ಕೆಲವು ಅಮೆರಿಕನ್ ಡಿಕ್ಷನರಿಗಳಲ್ಲಿ ಆದಮೇಲೆ. ಒಂದರ ಪದ್ಧತಿಯಲ್ಲಿ ಇನ್ನೊಂದನ್ನು ಓದಿದರೆ ಒತ್ತು ‘ಸ’ಗೋ ‘ಲ’ಗೋ ಬೀಳುತ್ತೆ. ಮುನ್ನುಡಿಯ ಚಿಹ್ನೆಪಟ್ಟಿ ಮೊದಲು ನೋಡಿಸಿ.

ಪ್ರೂಫ್ ನೋಡುವವಳು: ಜೆ.ಸಿ. ವೆಲ್ಸ್ 1990ರಲ್ಲಿ ತಂದದ್ದು ಉಚ್ಚಾರದ ನಿಘಂಟೇ ಅಲ್ವಾ? ಅವರೂ ‘ಲ್’ ಅನ್ನು ಒತ್ತಿರುವ ಸಿಲಬಲ್‌ಗೇ ಸೇರಿಸ್ತಾರೆ. ಅದೂ ಪದ ಮುರಿಯೋಕಾ?

ಇಂಗ್ಲಿಷ್ ಮೇಷ್ಟ್ರು: ‘ಲ್’ ಎತ್ತ ಸೇರಿದರೂ ಮಗುವಿನ ಬಾಯಲ್ಲಿ ಬರೋದು ಒಂದೇ. ಕೆಡೋದು 3 ಮತ್ತು 5ರಲ್ಲಿ. ‘ಸಿ’, ‘ಲಿ’ ಅಂತ ಬಿಡಿಬಿಡಿಯಾಗಿ ಹೇಳಿದರೆ ‘ಬಿ’ ಏಳೋದೇ ಇಲ್ಲ. ಅವೆರಡನ್ನು ‘ಸ’, ‘ಲ’ ಅಂತ ಸಣ್ಣಗೆ ತೇಲಿಸಬೇಕು.

ಕನ್ನಡ ಪಂಡಿತ: ‘ಲ್ಯಾಬೊರೇಟರಿ’ಗೆ ಏನಂತೀರಿ? ಬ್ರಿಟಿಷರು 2ನೆಯದಕ್ಕೆ ಒತ್ತು ಕೊಡ್ತಾರೆ, ಅಮೆರಿಕದವರು ಮೊದಲನೆಯದಕ್ಕೆ. ಯಾರದ್ದು ಸರಿ?

ಕಾಲೇಜು ಲೆಕ್ಚರರ್: ಎರಡೂ ಸರಿ. ಒಂದೇ ಭಾಷಣದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೆ.

ಪ್ರಶ್ನೆ ಕೇಳಿದವರು: ‘ಪಾಸಿಬಿಲಿಟಿ’ಗೂ ಇದೇ ಲೆಕ್ಕಾನಾ?

ಇಂಗ್ಲಿಷ್ ಮೇಷ್ಟ್ರು: ಹೌದಮ್ಮ. ಪಾ-ಸ-ಬಿ-ಲ-ಟಿ, 5 ಸಿಲಬಲ್, ಒತ್ತು 3ನೆಯದಕ್ಕೆ. ಇಲ್ಲೂ ‘ಬಿಲಟಿ’ಯಿಂದಲೇ ಶುರು ಮಾಡಿಸಿ.